ಬೆಸುಗೆ ಕಾಣದ ಒಂದು ಗಂಟೆ

ಒಂದು ರಾತ್ರಿ ಕಾಗದ, ಪೆನ್ಸಿಲ್ ಹಿಡಿದುಕೊಂಡು ರೇಡಿಯೊ ಕಾರ್ಯಕ್ರಮವೊಂದನ್ನು ಕೇಳಲು ಕುಳಿತೆ. ಒಂದು ಕೃತಿ ಮುಗಿದು ಇನ್ನೊಂದು ಶುರುವಾದಾಗಲೆಲ್ಲ ಗಡಿಯಾರ ನೋಡಿ ಹೊತ್ತನ್ನು ಗುರುತು ಹಾಕಿಕೊಳ್ಳಬೇಕು, ಅಷ್ಟೇ ಕೆಲಸ. ಚಿಕ್ಕಂದಿನಿಂದ ಸಂಗೀತ ಕೇಳುತ್ತಾ ಬಂದ ಕಿವಿಗೆ ಇದೇನು ಮಹಾ ಎಂದುಕೊಂಡಿದ್ದೆ. ಗಂಟೆ ಮುಗಿದಾಗ ಕಾಗದದ ಮೇಲೆ ಮೂರು ಗುರುತುಗಳಿದ್ದವು. ಕೊನೆಯಲ್ಲಿ ನಿರೂಪಕರು ಓದಿದ ಪಟ್ಟಿಯಲ್ಲಿ ಎಂಟು ಕೃತಿಗಳಿದ್ದವು. ಎಂಟು ಕೃತಿಗಳೆಂದರೆ ಏಳು ಬೆಸುಗೆ. ಅದರಲ್ಲಿ ನಾಲ್ಕು, ನಾನು ಕಣ್ಣು ಬಿಟ್ಟುಕೊಂಡು ಕಾಯುತ್ತಿದ್ದಾಗಲೇ ಕಿವಿಯ ಮುಂದೆ ಹಾದುಹೋಗಿದ್ದವು.

ಆ ಕಾರ್ಯಕ್ರಮದ ಹೆಸರು ‘ಹಾರ್ಟ್ಸ್ ಆಫ್ ಸ್ಪೇಸ್’. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 1973ರಲ್ಲಿ ಹುಟ್ಟಿ ಐವತ್ತು ವರ್ಷ ದಾಟಿದ ಕಾರ್ಯಕ್ರಮ ಇದು. ಇದರಲ್ಲಿ ಬರುವ ಸಂಗೀತಕ್ಕೆ ಆ್ಯಂಬಿಯೆಂಟ್ ಎನ್ನುತ್ತಾರೆ, ಸ್ಪೇಸ್ ಮ್ಯೂಸಿಕ್ ಎನ್ನುತ್ತಾರೆ, ಧ್ಯಾನಸಂಗೀತ ಎಂದೂ ಕರೆಯುತ್ತಾರೆ. ಮೊದಲ ಸಲ ಕೇಳಿದವರು ಕೇಳುವ ಪ್ರಶ್ನೆ ಮಾತ್ರ ಒಂದೇ: ‘ಒಂದೇ ಸಮನೆ ಗುಂಯ್ ಎನ್ನುತ್ತಿದೆಯಲ್ಲ, ಇದರಲ್ಲಿ ಕೇಳುವುದೇನಿದೆ?’ ಪ್ರಾಮಾಣಿಕವಾದ ಪ್ರಶ್ನೆ. ಹಾಡು ಎಲ್ಲಿ, ತಾಳ ಎಲ್ಲಿ, ಪಲ್ಲವಿ ಎಲ್ಲಿ ಎಂದು ಹುಡುಕಿದರೆ ಇಲ್ಲಿ ಏನೂ ಸಿಗುವುದಿಲ್ಲ. ಬಿಡಿಬಿಡಿ ಕೃತಿಗಳಲ್ಲಿ ಹುಡುಕುವುದನ್ನು ಬಿಟ್ಟು ಆ ಇಡೀ ಗಂಟೆಯನ್ನೇ ಒಂದು ಕೃತಿ ಎಂದು ಕೇಳತೊಡಗಿದಾಗ ಬಾಗಿಲು ತೆರೆಯುತ್ತದೆ. ಅದು ಹೇಗೆ ಎಂಬುದನ್ನು ಬಿಡಿಸಿ ಹೇಳುವುದಕ್ಕಾಗಿಯೇ ಈ ಬರಹ.

ಶುರುವಾದ ಜಾಗದ ಗುಣ ಕಾರ್ಯಕ್ರಮಕ್ಕೂ ಹತ್ತಿತು ಎಂದು ನನ್ನ ನಂಬಿಕೆ. ಬರ್ಕ್ಲಿಯ ಕೆಪಿಎಫ್‌ಎ 1949ರಲ್ಲಿ ಆರಂಭವಾದ ನಿಲಯ. ಜಾಹೀರಾತನ್ನು ನೆಚ್ಚದೆ ಕೇಳುಗರು ಕೊಡುವ ಹಣದಲ್ಲೇ ನಡೆಯಬೇಕು ಎಂದು ಹೊರಟ ಅಮೆರಿಕದ ಮೊದಲ ರೇಡಿಯೊ ನಿಲಯ ಅದು. ಜಾಹೀರಾತು ಇಲ್ಲವೆಂದರೆ ನಾಲ್ಕು ನಿಮಿಷಕ್ಕೊಮ್ಮೆ ಸಂಗೀತವನ್ನು ಕತ್ತರಿಸಬೇಕಾದ ಒತ್ತಡವೂ ಇಲ್ಲ. ಸ್ಟೀಫನ್ ಹಿಲ್ ಎಂಬ ಯುವಕ ಅಲ್ಲಿ ತಡರಾತ್ರಿ ಮೂರು ಗಂಟೆಗಳ ಕಾರ್ಯಕ್ರಮ ನಡೆಸತೊಡಗಿದರು. ಆಗ ಅದರ ಪೂರ್ಣ ಹೆಸರು ‘ಮ್ಯೂಸಿಕ್ ಫ್ರಮ್ ದ ಹಾರ್ಟ್ಸ್ ಆಫ್ ಸ್ಪೇಸ್’. ಆ ಆರಂಭದ ವರ್ಷಗಳಲ್ಲೇ ಆ್ಯನಾ ಟರ್ನರ್ ಜೊತೆಗೂಡಿ ಸಹ ನಿರೂಪಕಿಯಾದರು. ಹಿಲ್ ಓದಿದ್ದು ವಾಸ್ತುಶಿಲ್ಪ. ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ಕೋಣೆಯಿಂದ ಕೋಣೆಗೆ ಹೋಗುವಾಗ ಬೆಳಕು ಹೇಗೆ ಬದಲಾಗುತ್ತದೆ, ಎತ್ತರದ ಚಾವಣಿಯ ಕೆಳಗೆ ನಿಂತಾಗ ಮನಸ್ಸಿಗೆ ಏನಾಗುತ್ತದೆ ಎಂದು ಯೋಚಿಸಲು ಕಲಿತವನೊಬ್ಬ ಸಂಗೀತವನ್ನು ಜೋಡಿಸಲು ಕುಳಿತರೆ, ಅವನು ಹಾಡುಗಳ ಸರಪಳಿ ಹೆಣೆಯುವುದಿಲ್ಲ, ಜಾಗವೊಂದನ್ನು ಕಟ್ಟುತ್ತಾನೆ.

ಜಾಗ ಎಂಬ ಮಾತನ್ನು ಇಲ್ಲಿ ಅಕ್ಷರಶಃ ತೆಗೆದುಕೊಳ್ಳಬೇಕು. ನಾವು ಒಂದು ಕೋಣೆಯ ಗಾತ್ರವನ್ನು ಕಣ್ಣಿನಿಂದ ಅಳೆಯುವಷ್ಟೇ ಕಿವಿಯಿಂದಲೂ ಅಳೆಯುತ್ತೇವೆ. ಕಣ್ಣು ಮುಚ್ಚಿ ಚಪ್ಪಾಳೆ ತಟ್ಟಿ ನೋಡಿ: ಬಚ್ಚಲುಮನೆಯೋ, ಕಲ್ಯಾಣ ಮಂಟಪವೋ, ಬಯಲೋ ಎಂದು ಕೂಡಲೇ ತಿಳಿಯುತ್ತದೆ. ಗೋಡೆಗಳಿಗೆ ತಾಗಿ ಮರಳುವ ನಾದ ಆ ಸುದ್ದಿ ತರುತ್ತದೆ. ಮರಳಿದ ಸದ್ದು ಬಿಡಿಯಾಗಿ, ಸ್ಪಷ್ಟವಾಗಿ ಕೇಳಿದರೆ ಅದು ಮಾರ್ದನಿ. ವಿಜಯಪುರದ ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಒಂದು ಕೂಗು ಮತ್ತೆ ಮತ್ತೆ ಮರಳಿ ಬರುವುದನ್ನು ಕೇಳಿದವರಿಗೆ ಇದು ಗೊತ್ತು. ಮರಳಿದ ಸಾವಿರಾರು ಸದ್ದುಗಳು ಒಂದರಲ್ಲೊಂದು ಬೆರೆತು ಮಂಜಿನಂತೆ ಹರಡಿ ನಿಧಾನವಾಗಿ ಕರಗಿದರೆ ಅದು ಅನುರಣನ. ಮನೆಯ ಸಾಧಾರಣ ಕೋಣೆಯಲ್ಲಿ ಅನುರಣನ ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ದೊಡ್ಡ ಗುಮ್ಮಟದ ಕೆಳಗೆ ಹಲವು ಸೆಕೆಂಡು ನಿಲ್ಲುತ್ತದೆ.

ಪಾಲ್ ಹಾರ್ನ್ ಎಂಬ ಅಮೆರಿಕದ ಕೊಳಲುವಾದಕ 1968ರಲ್ಲಿ ಮಹರ್ಷಿ ಮಹೇಶ ಯೋಗಿಯವರ ಬಳಿಗೆ ಭಾರತಕ್ಕೆ ಬಂದಿದ್ದಾಗ ತಾಜ್ ಮಹಲಿನ ಗುಮ್ಮಟದ ಕೆಳಗೆ ಒಬ್ಬನೇ ನಿಂತು ಕೊಳಲು ನುಡಿಸಿ ಮುದ್ರಿಸಿಕೊಂಡ. ಅಲ್ಲಿ ಸ್ವರ ಸುಮಾರು 28 ಸೆಕೆಂಡು ತೇಲುತ್ತದೆ ಎನ್ನುತ್ತಾರೆ. ಒಂದು ಸ್ವರ ಊದಿ ಕೈಕಟ್ಟಿ ನಿಂತರೂ ಅದು ಮೇಲೆ ಸುತ್ತುತ್ತಲೇ ಇರುತ್ತದೆ. ಅದರ ಮೇಲೆ ಎರಡನೆಯದನ್ನು ಊದಿದರೆ ಎರಡೂ ಸೇರಿ ಸ್ವರಮೇಳವಾಗುತ್ತದೆ. ಇಪ್ಪತ್ತು ವರ್ಷಗಳ ಮೇಲೆ, 1988ರಲ್ಲಿ, ಅಮೆರಿಕದ ಸಂಯೋಜಕಿ ಪಾಲಿನ್ ಆಲಿವೆರೋಸ್ ಮತ್ತು ಇಬ್ಬರು ಗೆಳೆಯರು ವಾಷಿಂಗ್ಟನ್ ರಾಜ್ಯದ ಫೋರ್ಟ್ ವರ್ಡನ್ನಿನಲ್ಲಿ ನೆಲದಡಿಯ ಬರಿದಾದ ನೀರಿನ ತೊಟ್ಟಿಯೊಂದಕ್ಕೆ ಇಳಿದರು. ನೆಲದಿಂದ 14 ಅಡಿ ಕೆಳಗೆ, ಅನುರಣನ 45 ಸೆಕೆಂಡು. ಮುಖ್ಯವಾಗಿ ಅಕಾರ್ಡಿಯನ್, ಟ್ರಾಂಬೋನ್, ಕಂಠ. ಅಂತಹ ಕಡೆ ಬೇಗ ಬೇಗ ನುಡಿಸಿದರೆ ಎಲ್ಲವೂ ಕಲಸುಮೇಲೋಗರ. ಜಾಗವೇ ಕಲಾವಿದರನ್ನು ನಿಧಾನ ಮಾಡುತ್ತದೆ. ತಾನು ಬಿಟ್ಟ ಸ್ವರ ಎಲ್ಲಿಗೆ ಹೋಯಿತು, ಎಷ್ಟು ಉಳಿದಿದೆ ಎಂದು ಕೇಳಿಸಿಕೊಂಡೇ ಮುಂದಿನದನ್ನು ಬಿಡಬೇಕು.

ಈ ಸಂಗೀತ ಏಕೆ ನಿಧಾನ ಎಂಬುದಕ್ಕೆ ಉತ್ತರ ಇಲ್ಲಿದೆ. ಸ್ವರದ ಹುಟ್ಟಿಗಿಂತ ಅದರ ಬಾಲ ಇಲ್ಲಿ ಮುಖ್ಯ. ಸಿನಿಮಾ ಹಾಡಿನಲ್ಲಿ ಒಂದು ಸ್ವರ ಬಂತು, ಕೆಲಸ ಮುಗಿಸಿತು, ಹೋಯಿತು. ಇಲ್ಲಿ ಸ್ವರ ಬಂದ ಮೇಲೆ ಕೆಲಸ ಶುರು. 1970ರ ದಶಕದಲ್ಲಿ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಸಿಂಥಸೈಜರ್ ಮತ್ತು ಟೇಪ್ ಪ್ರತಿಧ್ವನಿ ಯಂತ್ರಗಳು ಕೈಗೆಟುಕತೊಡಗಿದಾಗ, ಗುಮ್ಮಟವಿಲ್ಲದೆಯೂ ಗುಮ್ಮಟ ಕಟ್ಟುವುದು ಸಾಧ್ಯವಾಯಿತು. ಜರ್ಮನಿಯ ಟ್ಯಾಂಜರೀನ್ ಡ್ರೀಮ್, ಕ್ಲಾಸ್ ಶುಲ್ಟ್ಸೆ ಮೊದಲಾದವರ ಧ್ವನಿಮುದ್ರಿಕೆಗಳಲ್ಲಿ ಯಾವ ಕಟ್ಟಡದಲ್ಲೂ ಹಿಡಿಸದಷ್ಟು ದೊಡ್ಡ ಜಾಗಗಳು ಕೇಳಿಸುತ್ತವೆ. ಅಂತರಿಕ್ಷದ ಹೆಸರು ಈ ಸಂಗೀತಕ್ಕೆ ಅಂಟಿಕೊಂಡದ್ದಕ್ಕೆ ಇದೂ ಒಂದು ಕಾರಣ.

ಆ್ಯಂಬಿಯೆಂಟ್ ಎಂಬ ಹೆಸರು ಬಂದದ್ದು ಇನ್ನೊಂದು ದಾರಿಯಿಂದ. ಇಂಗ್ಲೆಂಡಿನ ಸಂಗೀತಗಾರ ಬ್ರಯನ್ ಈನೊ 1975ರ ಆರಂಭದಲ್ಲಿ ಅಪಘಾತಕ್ಕೆ ಸಿಕ್ಕಿ ಹಾಸಿಗೆ ಹಿಡಿದಿದ್ದರು. ನೋಡಲು ಬಂದ ಗೆಳತಿ ಹದಿನೆಂಟನೆಯ ಶತಮಾನದ ಹಾರ್ಪ್ ಎಂಬ ತಂತಿವಾದ್ಯದ ಸಂಗೀತವಿದ್ದ ರೆಕಾರ್ಡ್ ತಂದುಕೊಟ್ಟರು. ಆಕೆ ಹೋದ ಮೇಲೆ ಕಷ್ಟಪಟ್ಟು ಎದ್ದು ಅದನ್ನು ಹಚ್ಚಿ ಮತ್ತೆ ಮಲಗಿದಾಗ ಗೊತ್ತಾಯಿತು: ಧ್ವನಿ ತೀರಾ ಸಣ್ಣಗಿದೆ, ಒಂದು ಸ್ಪೀಕರ್ ಕೆಲಸ ಮಾಡುತ್ತಿಲ್ಲ. ಇನ್ನೊಮ್ಮೆ ಏಳುವ ಶಕ್ತಿಯಿಲ್ಲ. ಹೊರಗೆ ಮಳೆ. ಮಳೆಯ ಸದ್ದಿನ ನಡುವೆ ಹಾರ್ಪಿನ ಒಂದೊಂದು ಸ್ವರ ಮಾತ್ರ ಆಗೀಗ ಮೇಲೆದ್ದು ಕೇಳುತ್ತಿತ್ತು. ಸಂಗೀತ ಕೋಣೆಯ ಬೆಳಕಿನಂತೆ, ಮಳೆಯಂತೆ ಪರಿಸರದ ಒಂದು ಪಾಲಾಗಬಹುದು ಎಂದು ಅವರಿಗೆ ಹೊಳೆದದ್ದು ಆಗ. 1978ರಲ್ಲಿ ವಿಮಾನ ನಿಲ್ದಾಣಗಳಿಗಾಗಿ ಅವರು ಹೊರತಂದ ಆಲ್ಬಂ ‘ಆ್ಯಂಬಿಯೆಂಟ್’ ಎಂಬ ಪದಕ್ಕೆ ನೆಲೆ ಕೊಟ್ಟಿತು. ಈ ಸಂಗೀತ ಗಮನ ಕೊಟ್ಟವರಿಗೂ ದಕ್ಕಬೇಕು, ಗಮನ ಕೊಡದವರನ್ನೂ ಪೀಡಿಸಬಾರದು ಎಂಬುದು ಅವರ ಸೂತ್ರದ ತಿರುಳು.

ಆ ಆಲ್ಬಮ್ಮಿನ ಒಂದು ಭಾಗ ಹೇಗೆ ತಯಾರಾಯಿತು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಕಂಠದಲ್ಲಿ ಹಾಡಿದ ಬಿಡಿ ಸ್ವರಗಳನ್ನು ಟೇಪಿನ ಮೇಲೆ ಮುದ್ರಿಸಿ, ಪ್ರತಿಯೊಂದು ಟೇಪಿನ ಎರಡು ತುದಿಗಳನ್ನೂ ಅಂಟಿಸಿ ಕುಣಿಕೆ ಮಾಡಿದರು. ಕುಣಿಕೆ ಎಷ್ಟು ಉದ್ದವೆಂದರೆ ಯಂತ್ರದಲ್ಲಿ ಹಿಡಿಯುತ್ತಿರಲಿಲ್ಲ. ಜರ್ಮನಿಯ ಧ್ವನಿಮುದ್ರಣ ತಜ್ಞ ಕಾನಿ ಪ್ಲಾಂಕ್ ಅವರ ಸ್ಟುಡಿಯೊದಲ್ಲಿ ಅಲ್ಯೂಮಿನಿಯಂ ಕುರ್ಚಿಗಳ ಕೊಳವೆಗಳನ್ನು ಬಳಸಿ ಟೇಪು ಸುತ್ತಿ ಬರುತ್ತಿತ್ತು. ಒಂದು ಸ್ವರ 23½ ಸೆಕೆಂಡಿಗೊಮ್ಮೆ ಮರಳುತ್ತದೆ, ಇನ್ನೊಂದು 25⅞ ಸೆಕೆಂಡಿಗೆ, ಮತ್ತೊಂದು 30 ಸೆಕೆಂಡಿಗೆ ಒಂದು ಕೂದಲೆಳೆ ಕಡಿಮೆ, ಎಂದರೆ 29 15/16 ಸೆಕೆಂಡಿಗೆ. ಎಲ್ಲವನ್ನೂ ಒಟ್ಟಿಗೆ ಬಿಟ್ಟು ಕೈಬಿಟ್ಟರೆ ಸಾಕು, ಸಂಗೀತ ತಾನೇ ಆಗುತ್ತದೆ.

ತಾಳದ ಲೆಕ್ಕ ಗೊತ್ತಿರುವವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಐದರ ನಡೆ ಒಂದು ಕೈಯಲ್ಲಿ, ಏಳರ ನಡೆ ಇನ್ನೊಂದು ಕೈಯಲ್ಲಿ ಹಿಡಿದರೆ ಎರಡೂ ಮತ್ತೆ ಸಮಕ್ಕೆ, ಎಂದರೆ ತಾಳದ ಮೊದಲ ಎಣಿಕೆಗೆ, ಬಂದು ಸೇರುವುದು ಮೂವತ್ತೈದನೆಯ ಎಣಿಕೆ ಮುಗಿದ ಮೇಲೆ. ಮೃದಂಗದ ತನಿ ಆವರ್ತನದಲ್ಲಿ ಇಡೀ ಸಭೆ ಕಾಯುವುದು ಆ ಸಮಕ್ಕಾಗಿಯೇ. ಈನೊ ಅವರ ಕುಣಿಕೆಗಳಿಗೆ ಇದೇ ಲೆಕ್ಕ ಹಾಕಿ ನೋಡಿದೆ. ಮೊದಲೆರಡು ಕುಣಿಕೆ ಒಟ್ಟಿಗೆ ಹೊರಟರೆ ಮತ್ತೆ ಒಟ್ಟಿಗೆ ಮರಳಲು ಸುಮಾರು 81 ನಿಮಿಷ ಬೇಕು. ಮೂರನೆಯದೂ ಸೇರಿದರೆ ಹತ್ತಿರ ಹತ್ತಿರ 27 ದಿನ. ಸಮವೇ ಬಾರದ ತಾಳ. ಕಿವಿ ಸಮಕ್ಕಾಗಿ ಕಾಯುವುದನ್ನು ಬಿಟ್ಟುಕೊಡುತ್ತದೆ, ಬಿಟ್ಟುಕೊಟ್ಟ ಗಳಿಗೆಯಲ್ಲಿ ಅದು ಬೇರೆ ರೀತಿ ಕೇಳತೊಡಗುತ್ತದೆ. ಸ್ವರಗಳು ಅವೇ, ಅವು ಒಂದರ ಪಕ್ಕ ಒಂದು ಬಂದು ಕೂರುವ ಬಗೆ ಮಾತ್ರ ಪ್ರತಿಸಲ ಹೊಸದು.

ಗಮನಿಸಬೇಕಾದದ್ದೆಂದರೆ, ‘ಆ್ಯಂಬಿಯೆಂಟ್’ ಎಂಬ ಪದ ನೆಲೆಗೊಳ್ಳುವ ಐದು ವರ್ಷ ಮೊದಲೇ ಬರ್ಕ್ಲಿಯಲ್ಲಿ ಕಾರ್ಯಕ್ರಮ ನಡೆಯುತ್ತಿತ್ತು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ಆ ಹೊತ್ತಿಗೆ ನೆಲ ಹದವಾಗಿತ್ತು, ಆ ಹದದಲ್ಲಿ ನಮ್ಮ ಕಡೆಯ ನೀರೂ ಇದೆ. ಸರೋದ್ ವಾದಕ ಅಲಿ ಅಕ್ಬರ್ ಖಾನ್ ಅವರ ಸಂಗೀತ ಕಾಲೇಜು 1967ರಿಂದಲೇ ಅಲ್ಲಿತ್ತು. 1970ರಲ್ಲಿ ಹಿಂದೂಸ್ತಾನಿ ಗಾಯಕ ಪಂಡಿತ್ ಪ್ರಾಣನಾಥ್ ಅಮೆರಿಕಕ್ಕೆ ಹೋದರು. ಲಾ ಮಾಂಟ್ ಯಂಗ್ ಮತ್ತು ಟೆರಿ ರೈಲಿ ಎಂಬ ಇಬ್ಬರು ದೊಡ್ಡ ಸಂಯೋಜಕರು ಅವರ ಶಿಷ್ಯರಾಗಿ ತಂಬೂರಿ ಹಿಡಿದು ಹಿಂದೆ ಕುಳಿತರು. ರೈಲಿ ಮುಂದೆ ಓಕ್‌ಲೆಂಡಿನ ಮಿಲ್ಸ್ ಕಾಲೇಜಿನಲ್ಲಿ ಪಾಠ ಹೇಳಿದರು, ಅದು ಬರ್ಕ್ಲಿಗೆ ಪಕ್ಕದ ಊರು.

ಪ್ರಾಣನಾಥರು ಕಿರಾಣಾ ಘರಾಣೆ ಎಂಬ ಗಾಯನ ಪರಂಪರೆಯವರು, ಅಬ್ದುಲ್ ವಹೀದ್ ಖಾನ್ ಅವರ ಶಿಷ್ಯರು. ವಹೀದ್ ಖಾನರ ಬಂಧು, ಆ ಘರಾಣೆಯ ಇನ್ನೊಂದು ಕಂಬ ಅಬ್ದುಲ್ ಕರೀಂ ಖಾನ್. ಧಾರವಾಡ ಸೀಮೆಗೆ ಬಂದು ಹೋಗುತ್ತಿದ್ದ ಕರೀಂ ಖಾನರು ಕುಂದಗೋಳದ ಸವಾಯಿ ಗಂಧರ್ವರಿಗೆ ಕಲಿಸಿದರು. ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಕಲಿತರು. ಒಂದೇ ಬೇರಿನಿಂದ ಒಂದು ಕೊಂಬೆ ಹುಬ್ಬಳ್ಳಿ ಧಾರವಾಡದ ಕಡೆ ಬಾಗಿತು, ಇನ್ನೊಂದು ಕೊಂಬೆ ಪೆಸಿಫಿಕ್ ಕರಾವಳಿಗೆ ಚಾಚಿತು. ಸ್ವರವೊಂದರ ಮೇಲೆ ನಿಂತು, ಅದರ ಒಡಲನ್ನೆಲ್ಲ ಮುಟ್ಟಿ ನೋಡಿದ ಮೇಲೆಯೇ ಮುಂದಿನ ಸ್ವರಕ್ಕೆ ಕಾಲಿಡುವ ವಿಲಂಬಿತ ಆಲಾಪ ಕಿರಾಣಾದ ಹೆಗ್ಗುರುತು. ಗಂಗೂಬಾಯಿಯವರ ಷಡ್ಜವನ್ನು ಕೇಳಿ ಬೆಳೆದವರಿಗೆ ನಿಧಾನ ಎಂಬುದು ಹೊಸ ತತ್ವವೇನೂ ಆಗಬೇಕಿಲ್ಲ.

ತಂಬೂರಿಯ ಬಗ್ಗೆ ಇಲ್ಲೇ ಎರಡು ಮಾತು ಹೇಳಿಬಿಡುತ್ತೇನೆ, ಏಕೆಂದರೆ ‘ಒಂದೇ ಸಮನೆ ಗುಂಯ್’ ಎಂಬ ದೂರಿಗೆ ಉತ್ತರ ಅದರ ಕುದುರೆಯ, ಎಂದರೆ ತಂತಿಗಳನ್ನು ಹೊತ್ತು ನಿಂತ ತುಂಡಿನ, ಮೇಲಿದೆ. ತಂತಿ ಕುದುರೆಯನ್ನು ತಾಗುವ ಕಡೆ ಒಂದು ಸಣ್ಣ ನೂಲೆಳೆ ಇರುತ್ತದೆ. ಅದನ್ನು ಉಗುರಿನಷ್ಟು ಅತ್ತಿತ್ತ ಸರಿಸಿ ಜವಾರಿ, ಎಂದರೆ ತಂತಿಯ ಝೇಂಕಾರ, ಕೂರಿಸುತ್ತಾರೆ. ನೂಲು ಸರಿಯಾದ ಜಾಗಕ್ಕೆ ಬಂದ ಕ್ಷಣ, ಅಲ್ಲಿಯವರೆಗೆ ಬರಿಯ ತಂತಿಯ ಸದ್ದಾಗಿದ್ದದ್ದು ಇದ್ದಕ್ಕಿದ್ದಂತೆ ಅರಳುತ್ತದೆ. ಮೀಟಿದ್ದು ಒಂದು ಸ್ವರ, ಕೇಳುವುದು ಅದರೊಳಗಿನ ಹತ್ತಾರು ಉಪಸ್ವರಗಳು. ಒಂದು ಮೇಲೆದ್ದರೆ ಇನ್ನೊಂದು ಇಳಿಯುತ್ತದೆ. ಷಡ್ಜದ ತಂತಿಯಲ್ಲಿ ಯಾರೂ ಹಾಡದ ಗಾಂಧಾರ ಕೇಳಿಸುತ್ತದೆ. ದೂರದಿಂದ ಕೇಳಿದರೆ ಏನೂ ಬದಲಾಗದ ಸದ್ದು, ಹತ್ತಿರ ಹೋದರೆ ಒಂದು ಕ್ಷಣವೂ ನಿಲ್ಲದ ಚಲನೆ. ಆ್ಯಂಬಿಯೆಂಟ್ ಸಂಗೀತದ ನೀಳ ಸ್ವರಗಳನ್ನೂ ಹೀಗೆಯೇ ಕೇಳಬೇಕು. ನಮ್ಮಲ್ಲಿ ತಂಬೂರಿ ಹಿಂದೆ ಇರುತ್ತದೆ, ಗಾಯನ ಮುಂದೆ. ಇಲ್ಲಿ ಹಿಂದಿನದೇ ಮುಂದೆ ಬಂದು ಕುಳಿತಿದೆ.

ಈಗ ಗಂಟೆಯನ್ನು ಕಟ್ಟುವ ಕೆಲಸಕ್ಕೆ ಬರೋಣ. ಕಾರ್ಯಕ್ರಮದ ರೂಪ ಸರಳ. ಆರಂಭದಲ್ಲಿ ಹಿಲ್ ಅವರ ತಗ್ಗಿದ, ಆತುರವಿಲ್ಲದ ದನಿ ಈ ವಾರದ ವಿಷಯ ಏನೆಂದು ಸ್ವಲ್ಪದರಲ್ಲಿ ಹೇಳುತ್ತದೆ. ಆಮೇಲೆ ಕೊನೆಯವರೆಗೆ ಒಂದು ಮಾತೂ ಇಲ್ಲ. ಕೊನೆಯಲ್ಲಿ ಮರಳಿ ಬಂದು ಕೇಳಿದ್ದು ಯಾರ ಯಾರ ಸಂಗೀತ ಎಂದು ಓದುತ್ತಾರೆ. ವಿಷಯ ಒಂದು ವಾರ ಸಿಂಥಸೈಜರಿನ ತೇಲುಸಂಗೀತ, ಇನ್ನೊಂದು ವಾರ ಚರ್ಚಿನ ಪ್ರಾಚೀನ ಗಾಯನ, ಮತ್ತೊಂದು ವಾರ ಐರ್ಲೆಂಡಿನ ಹಾರ್ಪ್, ಬಾನ್ಸುರಿ, ಟಿಬೆಟಿನ ಗಂಟೆಗಳು. ಬೇರೆ ಬೇರೆ ದೇಶ, ಬೇರೆ ಬೇರೆ ಶತಮಾನದ ಸಂಗೀತಗಳು ಪಕ್ಕಪಕ್ಕ ಬಂದರೂ ಜಗಳವಾಡುವುದಿಲ್ಲ. ಇದು ತಾನಾಗಿ ಆಗುವುದಲ್ಲ.

ಎರಡು ಕೃತಿಗಳನ್ನು ಕೂಡಿಸುವಾಗ ಮೊದಲನೆಯದರ ಸದ್ದನ್ನು ಇಳಿಸುತ್ತಾ ಎರಡನೆಯದನ್ನು ಏರಿಸುವುದು ಎಲ್ಲ ರೇಡಿಯೊದವರಿಗೂ ಗೊತ್ತಿರುವ ಕೆಲಸ. ಸಾಧಾರಣವಾಗಿ ಅದಕ್ಕೆ ಎರಡು ಮೂರು ಸೆಕೆಂಡು ಸಾಕು. ಈ ಸಂಗೀತದಲ್ಲಿ ಎರಡೂ ಕೃತಿಗಳು ಒಟ್ಟಿಗೆ ಅರ್ಧ ನಿಮಿಷವೋ ಇನ್ನೂ ಹೆಚ್ಚೋ ಬಾಳಬೇಕಾಗುತ್ತದೆ. ಅಷ್ಟು ಹೊತ್ತು ಎರಡು ಶ್ರುತಿಗಳು ಒಂದೇ ಕೋಣೆಯಲ್ಲಿದ್ದರೆ ಒಂದಕ್ಕೊಂದು ಹೊಂದಲೇಬೇಕು. ಒಂದರ ಆಧಾರ ಷಡ್ಜ ಇನ್ನೊಂದರಲ್ಲಿ ಪಂಚಮವೋ ಮಧ್ಯಮವೋ ಆಗಿ ಕುಳಿತರೆ ಕಿವಿ ಒಪ್ಪಿಕೊಳ್ಳುತ್ತದೆ. ಅರ್ಧ ಸ್ವರದಷ್ಟು ಆಚೀಚೆಯಾದರೆ ಹಲ್ಲು ಜುಮ್ಮೆನ್ನುವ ಹಾಗೆ ಕದಲುತ್ತದೆ.

ಶ್ರುತಿ ಕೂಡಿದರೆ ಸಾಲದು, ಜಾಗವೂ ಕೂಡಬೇಕು. ದೊಡ್ಡ ಗುಮ್ಮಟದ ಅನುರಣನವಿರುವ ಕೃತಿಯ ಬೆನ್ನಿಗೆ ಸಣ್ಣ ಕೋಣೆಯಲ್ಲಿ ಮುದ್ರಿಸಿದ ಗಿಟಾರ್ ಬಂದರೆ, ಬಯಲಿನಲ್ಲಿ ನಡೆಯುತ್ತಿದ್ದವನ ಮುಂದೆ ತಟ್ಟನೆ ಗೋಡೆ ಎದ್ದಂತಾಗುತ್ತದೆ. ಅಂತಹ ಕಡೆ ನಡುವೆ ಇನ್ನೊಂದು ಕೃತಿಯನ್ನು ಪಡಸಾಲೆಯಂತೆ ಇಡಬೇಕು. ನಾನು ಪೆನ್ಸಿಲ್ ಹಿಡಿದು ಕುಳಿತ ರಾತ್ರಿ ತಪ್ಪಿಸಿಕೊಂಡ ಒಂದು ಬೆಸುಗೆಯನ್ನು ಮರುದಿನ ಹಿಂದೆ ಮುಂದೆ ಮಾಡಿ ಹಲವು ಸಲ ಕೇಳಿದೆ. ಕೆಳಸ್ಥಾಯಿಯ ಒಂದು ನೀಳ ಸ್ವರ ಸೊರಗುತ್ತಾ ಹೋಗುತ್ತಿದೆ. ಅದರ ಮೇಲೆ ಉಸಿರಿನಂತಹ ಒಂದು ಸುಯ್ ಸದ್ದು. ಅದು ಮೊದಲ ಕೃತಿಯ ಗಾಳಿಯ ಸದ್ದು ಎಂದುಕೊಂಡಿದ್ದೆ. ಅಲ್ಲ, ಅದು ಎರಡನೆಯ ಕೃತಿಯ ಕೊಳಲಿನವನು ಊದುವ ಮೊದಲು ಎಳೆದುಕೊಂಡ ಉಸಿರು. ನಾನು ಹಳೆಯದು ಮುಗಿಯಲೆಂದು ಕಾಯುತ್ತಿದ್ದಾಗ ಹೊಸದು ಆಗಲೇ ಒಳಗೆ ಬಂದು ಕುಳಿತಿತ್ತು.

ಇದರ ಮೇಲೆ ಗಂಟೆಗೆಲ್ಲ ಒಂದು ಇಳಿಜಾರು ಬೇಕು. ಕೇಳುಗ ಆಫೀಸು, ಟ್ರಾಫಿಕ್ಕು, ಅಡುಗೆಮನೆ ಎಲ್ಲ ಮುಗಿಸಿ ಬಂದವನು. ಮೊದಲ ನಿಮಿಷದಲ್ಲೇ ಅವನನ್ನು ಆಳಕ್ಕೆ ತಳ್ಳಿದರೆ ಚಡಪಡಿಸಿ ಎದ್ದುಹೋಗುತ್ತಾನೆ. ಆದ್ದರಿಂದ ಆರಂಭದಲ್ಲಿ ಹಿಡಿದುಕೊಳ್ಳಲು ಒಂದು ರಾಗದ ಎಳೆಯೋ ಮೆಲುವಾದ ಲಯವೋ ಇರುತ್ತದೆ. ಸ್ವಲ್ಪ ಸ್ವಲ್ಪವಾಗಿ ಆ ಊರುಗೋಲನ್ನು ತೆಗೆಯುತ್ತಾರೆ. ನಡುಭಾಗದಲ್ಲಿ ಅತಿ ನಿಶ್ಚಲವಾದ ಕೃತಿಗಳು. ಕೊನೆಯ ಹತ್ತು ನಿಮಿಷದಲ್ಲಿ ಮತ್ತೆ ನೆಲ ಸಿಗುತ್ತದೆ. ಹಿಂದೂಸ್ತಾನಿ ಕಛೇರಿ ಆಲಾಪದಿಂದ ದ್ರುತಕ್ಕೆ ಏರುತ್ತದಲ್ಲವೇ, ಇದು ಅದರ ತಲೆಕೆಳಗಾದ ದಾರಿ. 1983ರಲ್ಲಿ ಕಾರ್ಯಕ್ರಮದ ಹಳೆಯ ಮೂರು ಗಂಟೆಗಳನ್ನು ಒಂದಕ್ಕೆ ಇಳಿಸಿದಾಗ ಈ ಇಳಿಜಾರನ್ನು ಹೊಸದಾಗಿ ಕೆತ್ತಬೇಕಾಯಿತು ಎಂಬುದನ್ನು ಊಹಿಸಬಹುದು. ನಿಧಾನಕ್ಕೆ ಜಾಗ ಕೊಡಲು ಒಂದು ಗಂಟೆ ಬಹಳ ಕಡಿಮೆ.

ರೇಡಿಯೊ ಎಂಬ ಯಂತ್ರಕ್ಕೂ ಈ ಸಂಗೀತಕ್ಕೂ ಆಗಿಬರದ ಸಂಗತಿಗಳು ಹಲವಿವೆ. ರೇಡಿಯೊ ನಿಲಯಕ್ಕೆ ಮೌನವೆಂದರೆ ಭಯ. ಸದ್ದು ಒಂದು ಮಟ್ಟಕ್ಕಿಂತ ಕೆಳಗಿಳಿದು ಕೆಲವು ಸೆಕೆಂಡು ಅಲ್ಲೇ ನಿಂತರೆ ಎಚ್ಚರಿಕೆ ಗಂಟೆ ಹೊಡೆಯುವ ಉಪಕರಣಗಳು ನಿಲಯಗಳಲ್ಲಿರುತ್ತವೆ. ಪ್ರಸಾರ ಕಡಿದುಹೋಗಿದೆ ಎಂದು ಅದರ ಲೆಕ್ಕ. ಆದರೆ ಇಲ್ಲಿ ಸಂಗೀತದ ಸೊಗಸೇ ಆ ಕೆಳಮಟ್ಟದಲ್ಲಿದೆ. ಎರಡನೆಯದಾಗಿ, ಎಲ್ಲ ಕಾರ್ಯಕ್ರಮಗಳೂ ಕಾರಿನಲ್ಲೂ ಅಂಗಡಿಯಲ್ಲೂ ಸಮನಾಗಿ ಕೇಳಲೆಂದು ನಿಲಯಗಳು ಜೋರಾದದ್ದನ್ನು ತಗ್ಗಿಸಿ ಮೆಲ್ಲನೆಯದನ್ನು ಎತ್ತುವ ಯಂತ್ರವೊಂದನ್ನು ಪ್ರಸಾರದ ದಾರಿಯಲ್ಲಿ ಇಟ್ಟಿರುತ್ತವೆ. ಸ್ವರವೊಂದು ಕರಗುತ್ತಿದೆ ಎನ್ನುವಾಗ ಈ ಯಂತ್ರ ಅದನ್ನು ಹಿಡಿದು ಮೇಲಕ್ಕೆಳೆಯುತ್ತದೆ. ಸೂರ್ಯ ಮುಳುಗುತ್ತಿದ್ದಂತೆ ಯಾರೋ ದೀಪ ಹೆಚ್ಚಿಸುತ್ತಾ ಹೋದ ಹಾಗೆ. ಮೂರನೆಯದು ಎಫ್‌ಎಂನ ಸ್ಟೀರಿಯೊ. ಸಂಕೇತ ದುರ್ಬಲವಾದ ಕಡೆ ಸ್ಟೀರಿಯೊದಲ್ಲಿ ಸುಸ್ಸೆಂಬ ಸದ್ದು ಎದ್ದು ಬರುತ್ತದೆ. ಡೋಲು ಬಡಿಯುವಾಗ ಅದು ಯಾರಿಗೂ ಕೇಳುವುದಿಲ್ಲ, ಒಂಟಿ ಗಂಟೆಯ ನಾದ ಇಂಗುವಾಗ ಅದೊಂದೇ ಉಳಿಯುತ್ತದೆ. ಈ ಕಾರ್ಯಕ್ರಮದ ಕೇಳುಗರು ಆ್ಯಂಟೆನಾ ತಿರುಗಿಸಿ ತಿರುಗಿಸಿ ಕೂರಿಸುವಷ್ಟು ನಿಷ್ಠೆ ಇಟ್ಟುಕೊಳ್ಳಬೇಕಾಗಿದ್ದದ್ದು ಇದಕ್ಕೇ.

ಇಷ್ಟೆಲ್ಲ ತೊಡಕಿದ್ದರೂ ಈ ಸಂಗೀತಕ್ಕೆ ರೇಡಿಯೊವೇ ತಕ್ಕ ಮನೆಯಾಯಿತು. ಕತ್ತಲಲ್ಲಿ ಕೇಳಬಹುದು, ಎದ್ದು ರೆಕಾರ್ಡ್ ಮಗುಚಿ ಹಾಕಬೇಕಿಲ್ಲ. ಮುಂದೇನು ಎಂದು ಆರಿಸುವ ಹೊರೆ ಬೇರೆಯವರದ್ದು. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ನಡೆಸಿದ ನಿಲಯಕ್ಕೆ ‘ಆಕಾಶವಾಣಿ’ ಎಂಬ ಹೆಸರಿತ್ತು. ಆ ಹೆಸರನ್ನು ದಿನವೂ ಆಡುವ ನಮಗೆ, ಅಂತರಿಕ್ಷದ ಹೃದಯದಿಂದ ಸಂಗೀತ ಬರುತ್ತದೆ ಎಂಬ ಹೆಸರು ಅತಿ ಎನಿಸಲಾರದು.

1983ರ ಜನವರಿಯಲ್ಲಿ ಕಾರ್ಯಕ್ರಮ ಬರ್ಕ್ಲಿಯ ಗಡಿ ದಾಟಿತು. ಅಮೆರಿಕದ ಸಾರ್ವಜನಿಕ ರೇಡಿಯೊ ನಿಲಯಗಳು ಆ ಹೊತ್ತಿಗೆ ಉಪಗ್ರಹದ ಮೂಲಕ ಕಾರ್ಯಕ್ರಮ ಹಂಚಿಕೊಳ್ಳತೊಡಗಿದ್ದವು. ಹಿಲ್ ಮತ್ತು ಟರ್ನರ್ ಒಂದು ಗಂಟೆಯ ಕಂತನ್ನು ತಯಾರಿಸಿ ಆ ಜಾಲಕ್ಕೆ ಬಿಟ್ಟರು. ಆರಂಭದಲ್ಲಿ 35 ನಿಲಯಗಳು ತೆಗೆದುಕೊಂಡವು, ಕೆಲವೇ ವರ್ಷಗಳಲ್ಲಿ ಅದು 200 ದಾಟಿತು. ನಿಲಯಗಳ ಕಡೆಯಿಂದ ನೋಡಿದರೆ ಇದು ಕಷ್ಟವಿಲ್ಲದ ನಿರ್ಧಾರ. ವಾರಾಂತ್ಯದ ತಡರಾತ್ರಿ ಖಾಲಿ ಬಿದ್ದಿರುವ ಹೊತ್ತು, ಅದನ್ನು ಮುಚ್ಚಟೆಯಿಂದ ತುಂಬಿಕೊಡುವವರೊಬ್ಬರು. 1984ರಲ್ಲಿ ಅದೇ ಹೆಸರಿನ ಧ್ವನಿಮುದ್ರಣ ಸಂಸ್ಥೆಯೂ ಶುರುವಾಯಿತು. ಕಾನ್‌ಸ್ಟನ್ಸ್ ಡೆಂಬಿ, ರಾಬರ್ಟ್ ರಿಚ್, ಸ್ಟೀವ್ ರೋಚ್ ಮೊದಲಾದವರ ಆಲ್ಬಮ್ಮುಗಳು ಅಲ್ಲಿಂದ ಬಂದವು. 2001ರಲ್ಲಿ ಆ ಸಂಸ್ಥೆ ಬೇರೆಯವರ ಕೈಗೆ ಹೋಯಿತು, ರೇಡಿಯೊ ಕಾರ್ಯಕ್ರಮ ಹಿಲ್ ಅವರ ಬಳಿಯೇ ಉಳಿಯಿತು.

ರಾಬರ್ಟ್ ರಿಚ್ ಅವರನ್ನು ಹೆಸರಿಸಿದ ಮೇಲೆ ಒಂದು ಮಾತು ಬಿಡಲಾರೆ. 1982ರಲ್ಲಿ, ಸ್ಟ್ಯಾನ್‌ಫರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗ, ಅವರು ರಾತ್ರಿಯಿಡೀ ನಡೆಯುವ ನಿದ್ರಾ ಕಛೇರಿಗಳನ್ನು ಮಾಡಿದರು. ಕೇಳುಗರು ಹಾಸಿಗೆ ತಂದು ಮಲಗುವುದು, ಇವರು ಬೆಳಗಿನವರೆಗೆ ಮೆಲ್ಲನೆ ನುಡಿಸುತ್ತಿರುವುದು. ನಿದ್ರೆಗೆ ಜಾರುವ ಮತ್ತು ಎಚ್ಚರಕ್ಕೆ ಮರಳುವ ಹೊಸ್ತಿಲಲ್ಲಿ ಕಿವಿ ಹೇಗಿರುತ್ತದೆ ಎಂಬುದು ಅವರ ಕುತೂಹಲ. ನಮ್ಮಲ್ಲಿ ಅಹೋರಾತ್ರಿ ಸಂಗೀತಕ್ಕೆ ಕುಳಿತು ಮೂರನೆಯ ಜಾವದಲ್ಲಿ ತೂಕಡಿಸಿ, ಎಚ್ಚರವಾದಾಗ ರಾಗ ಎಷ್ಟೋ ದೂರ ಸಾಗಿರುವುದನ್ನು ಕಂಡವರಿಗೆ ಆ ಹೊಸ್ತಿಲು ಅಪರಿಚಿತವಲ್ಲ.

ಎಂಬತ್ತರ ದಶಕದ ನಡುವಿನಲ್ಲಿ ಈ ಸಂಗೀತಕ್ಕೆ ಅಂಗಡಿಯವರು ‘ನ್ಯೂ ಏಜ್’ ಎಂಬ ಚೀಟಿ ಅಂಟಿಸಿದರು. 1987ರಲ್ಲಿ ಗ್ರ್ಯಾಮಿ ಪ್ರಶಸ್ತಿಗಳಲ್ಲೂ ಆ ಹೆಸರಿನ ವಿಭಾಗ ಬಂತು. ಮಾರಾಟ ಹೆಚ್ಚಿತು, ಮರ್ಯಾದೆ ಕಡಿಮೆಯಾಯಿತು. ಅಲೆಗಳ ಸದ್ದಿನ ಮೇಲೆ ನಾಲ್ಕು ಸ್ವರ ಒತ್ತಿ ಮನಶ್ಶಾಂತಿ ಎಂದು ಮಾರುವ ಕ್ಯಾಸೆಟ್ಟುಗಳ ರಾಶಿಯಲ್ಲಿ ನಿಜವಾದ ಕೆಲಸವೂ ಮುಚ್ಚಿಹೋಯಿತು. ಜೊಳ್ಳು ತೂರಿ ಕಾಳು ಉಳಿಸುವವರು ಬೇಕಾದದ್ದು ಆಗಲೇ. ಫಿಲಡೆಲ್ಫಿಯಾದಲ್ಲಿ 1976ರಿಂದ ನಡೆಯುತ್ತಿರುವ ‘ಸ್ಟಾರ್ಸ್ ಎಂಡ್’, 1989ರಲ್ಲಿ ಜಾನ್ ಡಿಲಿಬರ್ಟೊ ಆರಂಭಿಸಿದ ‘ಎಕೋಸ್’ ಕೂಡ ಈ ಕೆಲಸ ಮಾಡಿದ ರೇಡಿಯೊ ಕಾರ್ಯಕ್ರಮಗಳೇ.

ಇಂದು ಮೊಬೈಲಿನಲ್ಲಿ ‘ನಿದ್ರೆಗೆ’, ‘ಓದಿಗೆ’, ‘ಧ್ಯಾನಕ್ಕೆ’ ಎಂದು ಚೀಟಿ ಹಚ್ಚಿದ ಮುಗಿಯದ ಪಟ್ಟಿಗಳು ಸಿಗುತ್ತವೆ. ನಾನೂ ಕೇಳಿದ್ದೇನೆ. ಅಲ್ಲಿ ಕೃತಿಗಳ ನಡುವೆ ಬೆಸುಗೆ ಇಲ್ಲ, ಸಾಲು ಮಾತ್ರ ಇದೆ. ಶ್ರುತಿ ಹೊಂದದ ಎರಡು ತುಣುಕುಗಳ ನಡುವೆ ಎರಡು ಸೆಕೆಂಡು ಖಾಲಿ. ಎಲ್ಲಿಂದ ಎಲ್ಲಿಗೆ ಹೋಗುತ್ತಿದ್ದೇವೆ ಎಂಬ ಅರಿವು ಯಾರಿಗೂ ಇಲ್ಲ, ಏಕೆಂದರೆ ಯಾರೂ ಕೂತು ಕೇಳಿ ಜೋಡಿಸಿಲ್ಲ. ನನಗೆ ಇದು ನೋವಿನ ವಿಷಯ. ನಿಧಾನ ಸಂಗೀತಕ್ಕೆ ಯಾರೂ ಬೇಕಿಲ್ಲ, ಅದು ಹೇಗಿದ್ದರೂ ಹಿನ್ನೆಲೆ ತಾನೇ ಎಂಬ ಉದಾಸೀನ ಆ ಪಟ್ಟಿಗಳಲ್ಲಿದೆ. ವೇಗದ ಸಂಗೀತ ತನ್ನನ್ನು ತಾನೇ ಎತ್ತಿಕೊಂಡು ಓಡುತ್ತದೆ. ನಿಧಾನದ್ದನ್ನು ಯಾರಾದರೂ ಕೈಯಲ್ಲಿ ಹಿಡಿದುಕೊಂಡಿರಬೇಕು.

2001ರಲ್ಲಿ ಕಾರ್ಯಕ್ರಮದ ಹಳೆಯ ಕಂತುಗಳನ್ನು ಚಂದಾದಾರರಿಗೆ ಅಂತರಜಾಲದ ಮೂಲಕ ಕೇಳಿಸುವ ಏರ್ಪಾಡು ಬಂತು. ಈಗ ಆ ಸಂಗ್ರಹದಲ್ಲಿ 1,300ಕ್ಕೂ ಹೆಚ್ಚು ಗಂಟೆಗಳಿವೆ. ಅಮೆರಿಕದಲ್ಲಿ ಬೇಸಿಗೆಯ ಗಡಿಯಾರ ನಡೆಯುವ ತಿಂಗಳುಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಭಾನುವಾರ ರಾತ್ರಿ ಹತ್ತು ಗಂಟೆಯೆಂದರೆ ಬೆಂಗಳೂರಿನ ಸೋಮವಾರ ಬೆಳಿಗ್ಗೆ ಹತ್ತೂವರೆ. ಕುಕ್ಕರ್ ಸೀಟಿ ಹೊಡೆಯುವ, ಕೆಳಗೆ ತರಕಾರಿ ಗಾಡಿಯವರು ಕೂಗುವ ಹೊತ್ತು. ಅವರ ರಾತ್ರಿಯ ಪ್ರಸಾರ ನಮಗೆ ನೇರವಾಗಿ ದಕ್ಕುವಂತಿಲ್ಲ. ಸಂಗ್ರಹವಿರುವುದರಿಂದ ನಮ್ಮ ರಾತ್ರಿಗೆ ನಾವೇ ಕಾಯಬಹುದು.

ಮೊದಲ ಸಲ ಕೇಳುವವರು ಕೋಣೆಯ ಫ್ಯಾನ್ ನಿಲ್ಲಿಸುವುದು ಒಳ್ಳೆಯದು. ಅದರ ಸದ್ದು ಇಡೀ ಕೆಳಸ್ಥಾಯಿಯನ್ನು ನುಂಗುತ್ತದೆ. ಧ್ವನಿಯನ್ನು ಮಾತಿನ ಮಟ್ಟಕ್ಕಿಂತ ತುಸು ಕೆಳಗಿಡಿ. ಮೊದಲ ಹತ್ತು ನಿಮಿಷ ಏನೂ ಆಗುತ್ತಿಲ್ಲ ಎನಿಸುವುದು ಸಹಜ. ಕತ್ತಲೆಗೆ ಹೊಂದಿಕೊಳ್ಳಲು ಕಣ್ಣಿಗೆ ಹೊತ್ತು ಬೇಕಾಗುವಂತೆ, ಈ ನಿಧಾನಕ್ಕೆ ಹೊಂದಿಕೊಳ್ಳಲು ಕಿವಿಗೂ ಹೊತ್ತು ಬೇಕು. ನಾನು ಪೆನ್ಸಿಲ್ ಹಿಡಿದು ಕೇಳಿದ ಅದೇ ಕಂತನ್ನು ಕಳೆದ ವಾರ ಮತ್ತೆ ಕೇಳಿದೆ, ಈ ಸಲ ಕಾಗದವಿಲ್ಲದೆ. ಕೊಳಲಿನವನ ಆ ಉಸಿರು ಎಲ್ಲಿ ಬರುತ್ತದೆಂದು ಗೊತ್ತಿತ್ತು. ಬಂದಾಗ ಗುರುತಿಸಿದೆ. ಕೊನೆಯಲ್ಲಿ ಹಿಲ್ ಅವರ ದನಿ ಎಂಟು ಹೆಸರು ಓದಿ, ಎಂದಿನಂತೆ, ಎಲ್ಲಿದ್ದರೂ ನಿಮ್ಮ ಪಯಣ ಸುಖವಾಗಿರಲಿ ಎಂದು ಹಾರೈಸಿ ನಿಂತಿತು. ಫ್ಯಾನ್ ಹಾಕಲು ಎದ್ದಾಗ ಹನ್ನೊಂದೂ ಮುಕ್ಕಾಲು.